ಯಾರಿಗೆ ಅಂಜಿದನೋ ಅವರದೇ ಸಹಿ

ಹದಿಹರೆಯದವರೊಡನೆ ಸಲಿಂಗಾಕರ್ಷಣೆ, ಎಚ್‌ಐವಿ ತಡೆಯ ಮಾತೆತ್ತಿದರೆ ಅವರು ಕೆಡುತ್ತಾರೆಂಬ ವಾದ ಹಿಮಾಯತ್‌ನಗರದ ನಮ್ಮ ಕನ್ನಡ ಮನೆಗಳಲ್ಲೂ ಕೇಳಿಬರುತ್ತದೆ. ಸಂಸ್ಕೃತಿಯ ಹೆಸರಿನ ಈ ಹೊಣೆಗೇಡಿತನವನ್ನು ಒಪ್ಪಲಾಗದು. 2018ರಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಮಿನ ಭಯದಿಂದ ಬಿಡಿಸಿದ್ದು ವಯಸ್ಕರನ್ನು ಮಾತ್ರ. ಹದಿನೇಳರ ಹುಡುಗ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ಇಂದಿಗೂ ಪೋಷಕರ ಒಪ್ಪಿಗೆ ಬೇಕು. ಯಾರಿಗೆ ಹೇಳಲು ಅಂಜುತ್ತಾನೋ ಅವರದೇ ಸಹಿ! ಅವನ ಸಂಕಟವನ್ನು ಅರಿಯಹೊರಟ ಸಂಶೋಧಕರಿಗೂ ಸಾಮಾನ್ಯವಾಗಿ ಅದೇ ಸಹಿ ಅಡ್ಡಿ. ಇಂಥ ಸೂಕ್ಷ್ಮ ಅಧ್ಯಯನಗಳಲ್ಲಿ ಪೋಷಕರ ಸಮ್ಮತಿಗೆ ವಿನಾಯಿತಿ ನೀಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಸಂಸ್ಥೆಗಳ ನೈತಿಕತಾ ಸಮಿತಿಗಳು ಅದನ್ನು ಬಳಸುವ ಧೈರ್ಯ ತೋರಲಿ. ಅವು ಹಿಂಜರಿದಷ್ಟು ಕಾಲವೂ ಈ ಮಕ್ಕಳು ಆಸ್ಪತ್ರೆಗೆ ತಡವಾಗಿಯೇ ಬರುತ್ತಾರೆ.