ಅಂಕಿಗೆ ಕಾವಲಿದೆ, ಹೆಸರಿಗೆ?

ಓದುಗ ಸಹೋದರಿಯರೇ, ಈ ಪುಟ ಓದುವುದಕ್ಕೆ ಮೊದಲು ಒಂದು ಸಣ್ಣ ಕೆಲಸ ಮಾಡಿ. ಬೀರುವಿನಲ್ಲಿರುವ ಕಾಗದಪತ್ರಗಳ ಚೀಲವನ್ನು ಹೊರಗೆ ತೆಗೆಯಿರಿ. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಮತದಾರರ ಗುರುತಿನ ಚೀಟಿ, ನಿಕಾಹ್‌ನಾಮಾ, ಓದಿದವರಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಇಷ್ಟನ್ನೂ ಸಾಲಾಗಿಟ್ಟು ನಿಮ್ಮ ಹೆಸರನ್ನು ಮಾತ್ರ ಓದುತ್ತಾ ಹೋಗಿ. ಎಲ್ಲದರಲ್ಲೂ ಒಂದೇ ರೀತಿ ಇದ್ದರೆ ಅಲ್‌ಹಮ್ದುಲಿಲ್ಲಾಹ್, ನೀವು ಅದೃಷ್ಟವಂತರು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಹಾಗಿರುವುದಿಲ್ಲ.

ಬೇಲೂರಿನ ನಮ್ಮ ಬೀದಿಯಲ್ಲಿ ಹೊಲಿಗೆ ಕೆಲಸದ ಒಬ್ಬ ಖಾಲಾ ಇದ್ದಾರೆ. ಅವರು ಹೊಲಿದ ಕುರ್ತಾದಲ್ಲಿ ಅರ್ಧ ಬೆರಳಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಎರಡು ಸಲ ಅಳೆಯುತ್ತಾರೆ, ಗುರುತು ಹಾಕಿ ಮತ್ತೊಮ್ಮೆ ನೋಡುತ್ತಾರೆ. ಇಷ್ಟು ಜಾಗ್ರತೆಯ ಹೆಂಗಸಿನ ಹೆಸರಿನ ಕೊನೆಗೆ ಪಡಿತರ ಚೀಟಿಯಲ್ಲಿ ಬೀ, ಆಧಾರ್‌ನಲ್ಲಿ ಬೇಗಂ, ಪಾಸ್‌ಬುಕ್ಕಿನಲ್ಲಿ ಅದೂ ಇಲ್ಲ, ಇದೂ ಇಲ್ಲ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂದಾಗ ಅಕ್ಕಪಕ್ಕದವರಿಗೆಲ್ಲ ಹಣ ಬಂತು, ಇವರಿಗೆ ಬರಲಿಲ್ಲ. ಕೌಂಟರಿನಿಂದ ಕೌಂಟರಿಗೆ ಅಲೆದು ಸುಸ್ತಾಗಿ ಒಂದು ಸಂಜೆ ನನ್ನ ಬಳಿ ಬಂದು ಕುಳಿತರು.

"ಬೇಟೀ, ಆ ಮೂವರೂ ನಾನೇ ಅಂತ ಅಲ್ಲಾಹನಿಗೆ ಗೊತ್ತು, ಊರಿಗೂ ಗೊತ್ತು. ಆ ಕಂಪ್ಯೂಟರಿಗೆ ಯಾಕೆ ಗೊತ್ತಾಗಲ್ಲ?"

ಇದು ಅಜ್ಞಾನದ ಪ್ರಶ್ನೆಯಲ್ಲ. ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಆಧಾರ್ ಸಂಖ್ಯೆಯ ಒಳಗುಟ್ಟನ್ನು ಸ್ವಲ್ಪ ತಿಳಿಯಬೇಕು.

ಆಧಾರ್‌ನಲ್ಲಿ ಹನ್ನೆರಡು ಅಂಕಿಗಳಿವೆಯಲ್ಲವೇ? ಕೊನೆಯ ಅಂಕಿ ಸುಮ್ಮನೆ ಬಂದು ಕುಳಿತದ್ದಲ್ಲ. ಮೊದಲ ಹನ್ನೊಂದು ಅಂಕಿಗಳನ್ನು ಒಂದು ಲೆಕ್ಕಕ್ಕೆ ಒಳಪಡಿಸಿ, ಬಂದ ಉತ್ತರವನ್ನು ಹನ್ನೆರಡನೆಯ ಸ್ಥಾನದಲ್ಲಿ ಇಡುತ್ತಾರೆ. 1969ರಲ್ಲಿ ವೆರ್ಹೂಫ್ ಎಂಬ ಡಚ್ ಗಣಿತಜ್ಞರು ಪ್ರಕಟಿಸಿದ ವಿಧಾನವಿದು. ಬರೆಯುವಾಗ ಒಂದು ಅಂಕಿ ತಪ್ಪಿದರೆ, ಇಲ್ಲವೇ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಲೆಕ್ಕ ಹೊಂದುವುದಿಲ್ಲ. ಇಂಥ ಸಂಖ್ಯೆ ಇರಲಾರದು ಎಂದು ಯಂತ್ರ ಆ ಕ್ಷಣದಲ್ಲೇ ಹೇಳಬಲ್ಲದು. ಮನುಷ್ಯರು ಹೆಚ್ಚಾಗಿ ಮಾಡುವ ತಪ್ಪುಗಳು ಇವೇ ಎಂದು ಮೊದಲೇ ತಿಳಿದು, ಅದಕ್ಕೆಂದೇ ಒಬ್ಬ ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿದ್ದಾರೆ.

ಹೆಸರಿಗೆ ಅಂಥ ಕಾವಲುಗಾರನಿಲ್ಲ. ಫಾತಿಮಾ ಎಂದು ಬರೆದರೂ ಪಾತಿಮ ಎಂದು ಬರೆದರೂ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ, ಯಾಕೆಂದರೆ ಅದರ ಪಾಲಿಗೆ ಎರಡೂ ಹೆಸರೇ. ತಕರಾರು ಹುಟ್ಟುವುದು ವರ್ಷಗಳ ನಂತರ, ಒಂದು ಪಟ್ಟಿಯನ್ನು ಇನ್ನೊಂದು ಪಟ್ಟಿಯ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದಾಗ. ಕೆಲವು ತಂತ್ರಾಂಶಗಳು ಸ್ವಲ್ಪ ವ್ಯತ್ಯಾಸವನ್ನು ಮನ್ನಿಸುತ್ತವೆ, ಕೆಲವು ಒಂದು ಜಾಗ ಬಿಟ್ಟು ಬರೆದದ್ದನ್ನೂ ಒಪ್ಪುವುದಿಲ್ಲ. ಹಿಂದೆ ಕೈಬರಹದ ಲೆಡ್ಜರ್ ಇದ್ದಾಗ ಗುಮಾಸ್ತರು ಕನ್ನಡಕ ಮೇಲೇರಿಸಿ ಮುಖ ನೋಡಿ, "ಓ, ನೀವಾ" ಎಂದು ಸಹಿ ಹಾಕಿಸಿಕೊಳ್ಳುತ್ತಿದ್ದರು. ಆ ಮುಖಪರಿಚಯ ಈಗ ನಡೆಯುವುದಿಲ್ಲ.

ನಮ್ಮ ಹೆಸರುಗಳಿಗೆ ಈ ಸಂಕಟ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಅರಬಿಯಲ್ಲಿ ಹುಟ್ಟಿದ ಹೆಸರು ಉರ್ದುವಿನ ಬಾಯಲ್ಲಿ ಬೆಳೆದು, ಕನ್ನಡದ ಅರ್ಜಿಯಲ್ಲಿ ಬರೆಸಿಕೊಂಡು, ಇಂಗ್ಲಿಷಿನ ಕೀಲಿಮಣೆಯ ಮೇಲೆ ಇಳಿಯಬೇಕು. ಒಂದೊಂದು ಮೆಟ್ಟಿಲಲ್ಲೂ ಏನಾದರೊಂದು ಉದುರುತ್ತದೆ. ಎಚ್ಚರಿಸುವವನು ಎಂಬ ಅರ್ಥದ ನಝೀರ್ ಬೇರೆ, ಸಮಾನನು ಎಂಬ ಅರ್ಥದ ನಝೀರ್ ಬೇರೆ. ಅರಬಿಯಲ್ಲಿ ಒಂದಕ್ಕೆ ಝಾಲ್, ಇನ್ನೊಂದಕ್ಕೆ ಝೋಯ್. ಕನ್ನಡದಲ್ಲಿ ಎರಡೂ ಒಂದೇ, ಅದರಲ್ಲೂ ಒಬ್ಬರು ಜ ಬರೆದರೆ ಇನ್ನೊಬ್ಬರು ಝ ಬರೆಯುತ್ತಾರೆ. ಇಂಗ್ಲಿಷಿಗೆ ಹೋದರೆ ಝೈನಬ್‌ಗೆ ಝಡ್ ಹಾಕುವವರೂ ಉಂಟು, ಜೆ ಹಾಕುವವರೂ ಉಂಟು. ಫಾತಿಮಾದಲ್ಲಿ ಟಿ ಆದ ಮೇಲೆ ಎಚ್ ಬೇಕೋ ಬೇಡವೋ ಎಂಬುದು ಟೈಪು ಮಾಡುವ ಹುಡುಗನ ಇಷ್ಟ. ಮುಹಮ್ಮದ್ ಎಂಬ ಮುಬಾರಕ್ ಹೆಸರನ್ನಂತೂ ಎಂಡಿ ಎಂದು ಎರಡಕ್ಷರಕ್ಕೆ ಕತ್ತರಿಸುವ ಅಭ್ಯಾಸ ನಮ್ಮವರದೇ. ಬೇರೆ ಯಾರೂ ಅದನ್ನು ನಮಗೆ ಕಲಿಸಿಲ್ಲ. ಮೇಲಾಗಿ ಅರ್ಜಿ ನಮೂನೆ "ಕೊನೆಯ ಹೆಸರು" ಕೇಳುತ್ತದೆ. ಮನೆತನದ ಹೆಸರೇ ಇಲ್ಲದ ಹುಡುಗಿಗೆ ಬಾನು ಕೊನೆಯ ಹೆಸರಾಗುತ್ತದೆ, ಅವಳ ತಂಗಿಗೆ ಅಪ್ಪನ ಹೆಸರು ಕೊನೆಯ ಹೆಸರಾಗುತ್ತದೆ.

ಮದರಸಾದಲ್ಲಿ ಹದೀಸ್ ಓದುವಾಗ ನಮ್ಮ ಉಸ್ತಾದರು ವರದಿಗಾರರ ಹೆಸರುಗಳ ಮೇಲೆ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಆಗ ಬೇಸರವಾಗುತ್ತಿತ್ತು. ಈಗ ಅರ್ಥವಾಗುತ್ತಿದೆ. ಅರಬಿಯಲ್ಲಿ ಚುಕ್ಕೆಗಳನ್ನು ತೆಗೆದುಬಿಟ್ಟರೆ ಬಶೀರ್, ಯುಸೈರ್, ನುಸೈರ್ ಎಂಬ ಮೂರು ಹೆಸರುಗಳ ಆಕಾರ ಒಂದೇ. ಚುಕ್ಕೆ ತಪ್ಪಿದರೆ ವ್ಯಕ್ತಿಯೇ ಬದಲು, ವ್ಯಕ್ತಿ ಬದಲಾದರೆ ಹದೀಸಿನ ಸರಪಳಿಯೇ ಸಂಶಯಕ್ಕೆ ಗುರಿ. ಮದೀನಾದ ಯಹೂದಿ ವಿದ್ವಾಂಸರಾಗಿದ್ದು ಇಸ್ಲಾಮ್ ಸ್ವೀಕರಿಸಿದ ಸಹಾಬಿ ಅಬ್ದುಲ್ಲಾಹ್ ಬಿನ್ ಸಲಾಮ್(ರ)ರ ತಂದೆಯ ಹೆಸರಿನಲ್ಲಿ ಲಾಮ್ ಅಕ್ಷರಕ್ಕೆ ಒತ್ತು ಇಲ್ಲ. ಅದೇ ರೀತಿ ಬರೆಯುವ ಬೇರೆ ಹೆಚ್ಚಿನವರಲ್ಲಿ ಅದು ಸಲ್ಲಾಮ್. ಇಂಥ, ಬರಹದಲ್ಲಿ ಒಂದೇ ಕಂಡು ಉಚ್ಚಾರದಲ್ಲಿ ಬೇರೆಯಾಗುವ ಹೆಸರುಗಳಿಗೆಂದೇ ಒಂದು ವಿದ್ಯೆ ಬೆಳೆಯಿತು. ಹಿಜರಿ 385ರಲ್ಲಿ ತೀರಿಕೊಂಡ ಇಮಾಮ್ ದಾರಕುತ್ನೀ ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಅವರ ಕಾಲಕ್ಕೆ ಯಂತ್ರವಿರಲಿಲ್ಲ. ಒಬ್ಬರು ಓದುವುದು, ಇನ್ನೊಬ್ಬರು ಮೂಲ ಪ್ರತಿ ಹಿಡಿದು ಕೇಳುವುದು, ತಪ್ಪಿದಲ್ಲಿ ನಿಲ್ಲಿಸುವುದು, ಇದೇ ಅವರ ಪದ್ಧತಿ.

ನಮ್ಮ ಊರಿನ ಕಲ್ಲುಗಳಲ್ಲೂ ಈ ಜಾಗ್ರತೆಯನ್ನು ಕಾಣಬಹುದು. ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ವಿಗ್ರಹಗಳ ಅಡಿಯಲ್ಲಿ ಶಿಲ್ಪಿಗಳು ಕೊರೆದಿಟ್ಟ ಅಕ್ಷರಗಳನ್ನು ಶಾಲೆಯ ಮಕ್ಕಳಿಗೆ ಮಾರ್ಗದರ್ಶಿಗಳು ತೋರಿಸುತ್ತಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರು, ತಂದೆಯ ಹೆಸರು, ಊರು! ನಮ್ಮ ಅರ್ಜಿ ನಮೂನೆಯ ಮೊದಲ ಮೂರು ಸಾಲುಗಳು ಇವೇ ತಾನೇ? ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ತಿದ್ದುವುದಿದ್ದರೆ ಅದು ಮೆತ್ತಗಿರುವಾಗಲೇ ತಿದ್ದಬೇಕು.

ದಾಖಲೆಗಳೂ ಹಾಗೆಯೇ. ಆಧಾರ್ ಕೇಂದ್ರದಲ್ಲಿ ನಮ್ಮ ಕಡೆಗೆ ತಿರುಗಿಸಿದ ಪರದೆಯೊಂದನ್ನು ಇಟ್ಟಿರುವುದು ಏತಕ್ಕೆಂದು ಎಷ್ಟು ಮಂದಿ ಕೇಳಿದ್ದೀರಿ? ಟೈಪಾದದ್ದನ್ನು ನಾವು ಓದಿ ಒಪ್ಪಲಿ ಎಂದು. ಆದರೆ ಮಗು ಅಳುತ್ತಿರುತ್ತದೆ, ಹಿಂದೆ ಸಾಲು ನಿಂತಿರುತ್ತದೆ, ಹುಡುಗ "ಸರಿ ಇದೆಯಾ ಅಮ್ಮಾ?" ಎನ್ನುತ್ತಾನೆ, ನಾವು ತಲೆಯಾಡಿಸಿಬಿಡುತ್ತೇವೆ. ಆ ಒಂದು ನಿಮಿಷ ಕಳೆದ ಮೇಲೆ ಕಲ್ಲು ಗಟ್ಟಿಯಾಗಲು ಶುರು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಒಂದೇ ಸಲ. ಇದು ತಿಳಿಯದೆ ಒಂದು ಸಲ ಅವಸರದಲ್ಲಿ ತಿದ್ದಿಸಿ, ಅದೂ ತಪ್ಪಾಗಿ, ಇನ್ನೊಮ್ಮೆ ತಿದ್ದಿಸಿ ಅವಕಾಶ ಮುಗಿಸಿಕೊಂಡವರನ್ನು ಕಂಡಿದ್ದೇನೆ.

ಶಿಕ್ಷಕಿಯಾಗಿ ನನಗೆ ಹೆಚ್ಚು ಸಂಕಟವಾಗುವುದು ಹೆಣ್ಣುಮಕ್ಕಳ ವಿಷಯದಲ್ಲಿ. 2024ರ ಕೊನೆಯಲ್ಲಿ ಶಾಲೆಗಳಲ್ಲಿ ಅಪಾರ್ ಗುರುತಿನ ಸಂಖ್ಯೆ ಮಾಡಿಸಲು ಹೊರಟಾಗ ಶಾಲೆಯ ದಾಖಲೆಯ ಹೆಸರು ಆಧಾರ್‌ನೊಂದಿಗೆ ಹೊಂದಬೇಕು ಎಂದರು. ಪಟ್ಟಿ ಹಿಡಿದು ಕುಳಿತರೆ ಹೊಂದದ ಹೆಸರುಗಳೇ ಎದ್ದು ಕಾಣುತ್ತಿದ್ದವು. ವಿದ್ಯಾರ್ಥಿವೇತನದ ಅರ್ಜಿಯೂ ಅಲ್ಲೇ ಸಿಕ್ಕಿಬೀಳುತ್ತದೆ. ಗಂಡುಮಗುವಿನದಾದರೆ ತಂದೆ ಒಂದು ದಿನದ ಕೆಲಸ ಬಿಟ್ಟು ತಿದ್ದಿಸಲು ಓಡುತ್ತಾನೆ. ಹೆಣ್ಣುಮಗುವಿನದಾದರೆ, "ಮದುವೆಯಾದ ಮೇಲೆ ಹೇಗೂ ಬದಲಾಗುತ್ತದಲ್ಲ, ಆಗ ನೋಡೋಣ" ಎಂಬ ಮಾತು ಬರುತ್ತದೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಮದುವೆಯಾದ ಕೂಡಲೇ ಹೆಣ್ಣು ತನ್ನ ಹೆಸರನ್ನು ಬದಲಿಸಬೇಕೆಂದು ನಮ್ಮ ಶರೀಅತ್ ಹೇಳಿಲ್ಲ. ಪ್ರವಾದಿ(ಸ)ರ ಪತ್ನಿಯರನ್ನು ಇಂದಿಗೂ ನಾವು ಆಯಿಶಾ ಬಿಂತ್ ಅಬೂಬಕರ್(ರ), ಹಫ್ಸಾ ಬಿಂತ್ ಉಮರ್(ರ) ಎಂದು ತಂದೆಯ ಹೆಸರಿನಿಂದಲೇ ಗುರುತಿಸುತ್ತೇವೆ. ದೇಶದ ಕಾನೂನೂ ಬದಲಿಸಲೇಬೇಕೆಂದು ಒತ್ತಾಯಿಸುವುದಿಲ್ಲ. ಹಾಗಿರುವಾಗ ಓದಿನ ದಾಖಲೆಗಳೆಲ್ಲ ಒಂದು ಹೆಸರಿನಲ್ಲಿ, ಮದುವೆಯ ನಂತರದವೆಲ್ಲ ಇನ್ನೊಂದು ಹೆಸರಿನಲ್ಲಿ ಮಾಡಿಸಿ ಆ ಹುಡುಗಿಯನ್ನು ಇಬ್ಬರನ್ನಾಗಿ ಸೀಳುವುದು ಯಾಕೆ?

ಅದರ ಫಲ ಕಾಣುವುದು ತಂದೆ ತೀರಿಕೊಂಡ ಮೇಲೆ. ಹೆಣ್ಣುಮಕ್ಕಳ ಪಾಲನ್ನು ಅಲ್ಲಾಹನು ಕುರ್‌ಆನಿನಲ್ಲೇ ನಿಗದಿ ಮಾಡಿದ್ದಾನೆ. ಆದರೆ ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಮಗಳ ಹೆಸರು ಒಂದು, ಅವಳ ಆಧಾರ್‌ನಲ್ಲಿ ಇನ್ನೊಂದು. ಅಣ್ಣತಮ್ಮಂದಿರು ಒಳ್ಳೆಯವರಾದರೂ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ. ಒಳ್ಳೆಯವರಲ್ಲದಿದ್ದರೆ ಈ ಅಕ್ಷರದೋಷವೇ ಅವರಿಗೆ ನೆಪವಾಗುತ್ತದೆ.

ಇನ್ನೂ ದೊಡ್ಡ ಉದಾಹರಣೆ ಅಸ್ಸಾಮಿನದು. ಅಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ತಂದೆಯ ಮನೆಯ ದಾಖಲೆಗೂ ಗಂಡನ ಮನೆಯ ದಾಖಲೆಗೂ ಕೊಂಡಿ ತೋರಿಸಲಾಗದೆ ಕಷ್ಟಪಟ್ಟ ಮದುವೆಯಾದ ಹೆಂಗಸರ ಕತೆಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದವು. ಬಡ ಹೆಂಗಸಿನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಅದನ್ನು ಅವಳ ಅಪರಾಧವೆಂಬಂತೆ ಕಾಣುವ ವ್ಯವಸ್ಥೆ ನ್ಯಾಯವಾದದ್ದೆಂದು ನಾನು ಹೇಳುತ್ತಿಲ್ಲ. ಟೈಪು ಮಾಡಿದವರ ತಪ್ಪಿಗೆ ಅಲೆಯಬೇಕಾದವರು ಯಾಕೆ ಇವರೇ ಆಗಬೇಕು ಎಂದು ಕೇಳಲೇಬೇಕು. ಕೇಳುತ್ತಲೇ ನಮ್ಮ ಚೀಲವನ್ನೂ ಸರಿಮಾಡಿಕೊಳ್ಳೋಣ.

ಹೇಗೆ? ಮೊದಲು, ಯಾವುದನ್ನು ಮೂಲವೆಂದು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿ. ಓದಿದವರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೇ ಮೂಲವಾಗಲಿ, ಅದನ್ನು ತಿದ್ದಿಸುವುದೇ ಎಲ್ಲಕ್ಕಿಂತ ಕಷ್ಟ. ಆ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ಎಲ್ಲಿ ಜಾಗ ಬಿಡಬೇಕೆಂಬುದನ್ನೂ ಗುರುತಿಸಿ ಪರ್ಸಿನಲ್ಲಿಡಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಬೇಡಿ, ಚೀಟಿ ಕೊಡಿ. ಟೈಪಾದ ಮೇಲೆ ನಮ್ಮ ಹದೀಸ್ ವಿದ್ವಾಂಸರಂತೆ ಚೀಟಿ ಹಿಡಿದು ಅಕ್ಷರ ಅಕ್ಷರ ಹೋಲಿಸಿ. ಹಿಂದಿನವರು ಗೊಣಗಿದರೆ ಗೊಣಗಲಿ. ನಮ್ಮ ಖಾಲಾ ಈಗ ಇದನ್ನೇ ಮಾಡುತ್ತಾರೆ. ಬೇಗಂ ಎಂಬುದನ್ನು ಉಳಿಸಿಕೊಂಡು ಉಳಿದೆರಡನ್ನು ತಿದ್ದಿಸಿದರು, ಅವರ ಹಣ ಬರತೊಡಗಿತು. ಮಧ್ಯೆ ಹೋದ ತಿಂಗಳುಗಳ ಹಣ ಮಾತ್ರ ಬರಲಿಲ್ಲ.

ಹೊಸದಾಗಿ ತಾಯಂದಿರಾದವರಿಗೆ ಒಂದು ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಯಿಂದ ಹಿಡಿದು ಬಹುತೇಕ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆಸ್ಪತ್ರೆಯಲ್ಲಿ ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಅಕೀಕಾ ಆದ ಮೇಲೆ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ, ತಡವಾದರೆ ಶುಲ್ಕ ಕೊಟ್ಟು ಹದಿನೈದು ವರ್ಷದವರೆಗೆ ಅವಕಾಶವಿದೆ. ನಿಮ್ಮ ಹೆಸರನ್ನೂ, ಮಗುವಿನ ತಂದೆಯ ಹೆಸರನ್ನೂ ಆ ಪತ್ರದಲ್ಲಿ ಆಧಾರ್‌ನಲ್ಲಿರುವಂತೆಯೇ ಬರೆಸಿ. ಅಜ್ಜಿ ಕರೆಯುವ ಮುದ್ದಿನ ಹೆಸರು ಮನೆಯಲ್ಲಿರಲಿ.

ಕಾಗದಪತ್ರ ಗಂಡಸರ ಕೆಲಸ ಎನ್ನುವವರಿಗೆ ಹಝ್ರತ್ ಹಫ್ಸಾ(ರ)ರನ್ನು ನೆನಪಿಸುತ್ತೇನೆ. ಝೈದ್ ಬಿನ್ ಸಾಬಿತ್(ರ) ಜೋಡಿಸಿದ ಕುರ್‌ಆನಿನ ಹಾಳೆಗಳು ಅಬೂಬಕರ್(ರ), ಉಮರ್(ರ)ರ ನಂತರ ಇದ್ದದ್ದು ಅವರ ಬಳಿ. ಮುಸ್‌ಹಫ್‌ಗಳ ಪ್ರತಿ ಮಾಡಿಸುವಾಗ ಖಲೀಫಾ ಉಸ್ಮಾನ್(ರ) ಆ ಹಾಳೆಗಳನ್ನು ಅವರಿಂದ ಕೇಳಿ ಪಡೆದರು, ಕೆಲಸ ಮುಗಿದ ಮೇಲೆ ಅವರಿಗೇ ಮರಳಿಸಿದರು. ಹಫ್ಸಾ(ರ)ರಿಗೆ ಬರೆಯಲು ಕಲಿಸಿದವರೂ ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಹೆಂಗಸೇ.

ಓದು ಬಾರದ ನಮ್ಮ ಅಜ್ಜಿಯರ ಗತಿಯೇನು ಎಂದು ಕೇಳುತ್ತೀರಿ. ಸೂರಾ ಅಲ್‌ಬಕರಾದಲ್ಲಿ ಸಾಲದ ಪತ್ರ ಬರೆಯುವ ಬಗ್ಗೆ ಇರುವ 282ನೆಯ ವಚನ ಇಡೀ ಕುರ್‌ಆನಿನಲ್ಲೇ ಅತ್ಯಂತ ಉದ್ದವಾದದ್ದು. ಮೊತ್ತ ಸಣ್ಣದೆಂದು ಬರೆಯಲು ಬೇಸರಪಡಬಾರದೆಂಬ ಸೂಚನೆ ಅದರಲ್ಲಿದೆ. ತಾನೇ ಹೇಳಿ ಬರೆಸಲಾಗದವರ ಪರವಾಗಿ ಅವರ ಹೊಣೆ ಹೊತ್ತವರು ನ್ಯಾಯದಿಂದ ಬರೆಸಬೇಕೆಂದೂ ಇದೆ. ಆದ್ದರಿಂದ ಅಜ್ಜಿಯನ್ನು ಕೇಂದ್ರಕ್ಕೆ ಕರೆದೊಯ್ಯುವಾಗ ಶಾಲೆಗೆ ಹೋಗುವ ಮೊಮ್ಮಗಳನ್ನೂ ಜೊತೆಗೆ ಕಳಿಸಿ. ಪರದೆಯ ಮೇಲಿರುವುದನ್ನು ಅವಳು ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಿ ಹೌದೆನ್ನಲಿ, ಆಮೇಲೆ ಬೆರಳು ಒತ್ತಿದರಾಯಿತು.