ರೈತನ ಕಾಯಿಲೆ ಯಾರ ಲೆಕ್ಕಕ್ಕೆ?



ನಿಮ್ಮ ಊರಿನಲ್ಲಿ ಯಾರ ಜಮೀನು ಯಾವ ಕಾರಣಕ್ಕೆ ಕೈಬಿಟ್ಟಿತು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಬೋರ್‌ವೆಲ್‌ಗೆ ಹೋಗಿದ್ದು, ಮದುವೆಗೆ ಹೋಗಿದ್ದು ಎಲ್ಲರ ಬಾಯಲ್ಲೂ ಇರುತ್ತೆ. ಆಸ್ಪತ್ರೆಗೆ ಹೋಗಿದ್ದನ್ನು ಮಾತ್ರ ಯಾರೂ ಆಡೋದಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಅದೂ ಬೆಳೆ ಸಾಲವೇ.

ನಮ್ಮಣ್ಣನ ವಿಷಯವನ್ನೇ ಹೇಳ್ತೀನಿ. ಎರಡು ವರ್ಷದ ಹಿಂದೆ ರಾತ್ರಿ ಹೊತ್ತು ಎದೆನೋವು ಬಂತು. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅವರು ಮೊದಲು ಕೇಳಿದ್ದು ನೋವು ಎಲ್ಲಿ ಅಂತಲ್ಲ, ಕಾರ್ಡು ಯಾವುದು ಅಂತ. ಎಪಿಎಲ್ ಎಂದೆವು. ದುಡ್ಡು ಕಟ್ಟಿ ಎಂದರು. ಅತ್ತಿಗೆಯ ಸರ ಅಡವಿಗೆ ಹೋಯಿತು. ಸಾಲದ್ದಕ್ಕೆ ಮಂಡಿಯವನ ಹತ್ತಿರ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದೆವು. ಅಣ್ಣ ಉಳಿದ. ಆದರೆ ಆ ವರ್ಷ ಅವನ ಕೊಬ್ಬರಿಗೆ ಬೆಲೆ ಕಟ್ಟಿದವನೂ ಆ ಮಂಡಿಯವನೇ. ಸಾಲ ಕೊಟ್ಟವನ ಎದುರು ಚೌಕಾಸಿ ಮಾಡಲು ಬಾಯಿ ಎಲ್ಲಿಂದ ಬರುತ್ತೆ?

ಕಾನೂನು ಏನು ಹೇಳುತ್ತೆ ನೋಡಿ. 2018ರ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿಯಾದ ದರದಲ್ಲಿ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. 3 ಹೆಕ್ಟೇರ್ ಖುಷ್ಕಿ ದಾಟಿದವನಿಗೆ ಬಿಪಿಎಲ್ ಕಾರ್ಡಿಲ್ಲ. ಮಳೆ ಬಾರದ ಎಂಟೆಕರೆ ಇಟ್ಟುಕೊಂಡವನು ಸರ್ಕಾರದ ಕಣ್ಣಿಗೆ ಸಾಹುಕಾರ! ಅಣ್ಣನಿಗೆ ಆ ಶೇಕಡಾ 30 ಆದರೂ ಬರಬೇಕಿತ್ತು ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ತಪ್ಪು ನಮ್ಮದೂ ಇದೆ. 2003ರಲ್ಲಿ ಯಶಸ್ವಿನಿ ಬಂದಾಗ ತಲೆಗೆ ತಿಂಗಳಿಗೆ 5 ರೂಪಾಯಿ ಕಟ್ಟಿ ಸೇರಿದ್ದೆವು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿದರು. 2022-23ರಲ್ಲಿ ಮತ್ತೆ ಬಂತು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ನಾವು ನಾಳೆ ನೋಡೋಣ ಅಂದೆವು. ನೀವು ಹಾಗನ್ನಬೇಡಿ. ನೋಂದಣಿ ಶುರುವಾದ ಕೂಡಲೇ ಸೊಸೈಟಿಗೆ ಹೋಗಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ದುಡ್ಡು ಎಣಿಸುವ ಮುಂಚೆ ಆರೋಗ್ಯಮಿತ್ರ ಎಲ್ಲಿ ಅಂತ ಕೇಳಿ. ಆರೋಗ್ಯ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆದರೆ ತುರ್ತು ಸಂದರ್ಭಕ್ಕೆ ಬೇಡ. ಇದನ್ನು ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿ, ರಾತ್ರಿ ಓಡುವವರು ಅವರೇ.

ಇಷ್ಟಕ್ಕೇ ಮುಗಿಯಿತೇ? ಇಲ್ಲ. ಕಾರ್ಖಾನೆಯವನು ಕಾರ್ಮಿಕರ ಇಎಸ್‌ಐಗೆ ಸಂಬಳದ ಶೇಕಡಾ 3.25 ಕಟ್ಟುತ್ತಾನೆ. ಕಟ್ಟಿದ್ದನ್ನು ಸರಕಿನ ಬೆಲೆಗೆ ಸೇರಿಸಿ ನಮಗೇ ಮಾರುತ್ತಾನೆ. ಕಾರ್ಮಿಕನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಅದು ಅವನ ಹಕ್ಕು. ಆದರೆ ಟ್ರ್ಯಾಕ್ಟರಿನ ಟೈರು ಕೊಳ್ಳುವಾಗ ಅವನ ಔಷಧಿಯ ಖರ್ಚು ಕೊಡುವ ನಾವು, ರಾಗಿ ಮಾರುವಾಗ ನಮ್ಮ ಔಷಧಿಯ ಖರ್ಚನ್ನು ಯಾರಿಂದ ಕೇಳಬೇಕು? ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೇಂದ್ರದ ಆಯೋಗ ಬೀಜ, ಗೊಬ್ಬರ, ಎತ್ತಿನ ದುಡಿಮೆ, ಮನೆಯವರ ದುಡಿಮೆ ಎಲ್ಲಕ್ಕೂ ದರ ಕಟ್ಟುತ್ತದೆ. ದುಡಿಯುವವನು ಹಾಸಿಗೆ ಹಿಡಿದರೆ ಆಗುವ ಖರ್ಚಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಆದ್ದರಿಂದ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. ಜಮೀನಿನ ಅಳತೆ ನೋಡಿ ರೋಗಿಗೆ ಭೇದ ಮಾಡುವುದು ನಿಲ್ಲಲಿ. ರೈತ ಕುಟುಂಬದ ಚಿಕಿತ್ಸೆಯ ಖರ್ಚು ಬೇಸಾಯದ ಖರ್ಚಿನಲ್ಲಿ ಸೇರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಎರಡೂ ಠರಾವು ಬರೆಸಿ, ತಾಲ್ಲೂಕಿಗೆ ಕಳಿಸಿ. ಆಸ್ಪತ್ರೆ ಬಿಲ್ಲುಗಳನ್ನು ಎಸೆಯಬೇಡಿ. ಪಹಣಿ ಜೊತೆ ಇಡಿ. ಬೆಲೆ ಕೇಳಲು ಹೋದಾಗ ಅವೇ ನಮ್ಮ ಸಾಕ್ಷಿ.