ದೊಡ್ಡದಾದದ್ದು ಕಾಫಿಯ ಚಟವಲ್ಲ, ಲೋಟ

ಹತ್ತಾರು ವರ್ಷ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ದುಡಿದು ಬೆಂಗಳೂರಿಗೆ ಮರಳಿದವರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರೆ. ಪೆಟ್ಟಿಗೆ ಬಿಚ್ಚಿದ ಮರುದಿನವೇ ಅವರು ಹೊರಡುವುದು ಕಾಫಿಗೆ. ಮೊದಲು ಗಾಂಧಿಬಜಾರಿನ ವಿದ್ಯಾರ್ಥಿ ಭವನ, ಆಮೇಲೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್., ಸಂಜೆಯ ಹೊತ್ತಿಗೆ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಹೊಸದಾಗಿ ತೆರೆದ ಕೆಫೆ. ತಾವು ಬಿಟ್ಟುಹೋದ ಊರು ಯಾವುದು, ಈಗಿನ ಊರು ಯಾವುದು ಎಂಬುದು ಅವರಿಗೆ ತಿಳಿಯುವುದೇ ಈ ಓಡಾಟದಲ್ಲಿ. ತಪ್ಪೇನೂ ಇಲ್ಲ. ಆದರೆ ಈ ಓಡಾಟದಲ್ಲಿ ಮನೆಮಂದಿಯೆಲ್ಲ ಜೊತೆಗೂಡುತ್ತಾರಾದ್ದರಿಂದ, ಕೆಫೆಯಲ್ಲಿ ನಾವು ಕುಡಿಯುವುದೇನು, ಎಷ್ಟು, ಯಾವ ಹೊತ್ತಿನಲ್ಲಿ ಎಂಬುದನ್ನು ಆರೋಗ್ಯದ ದೃಷ್ಟಿಯಿಂದ ಯೋಚಿಸಬೇಕಾಗಿದೆ.

ಕಾಫಿ ನಮಗೆ ಹೊಸದಲ್ಲ. ಬಾಬಾಬುಡನ್ ಯೆಮೆನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿ ಎಲ್ಲರಿಗೂ ಗೊತ್ತಿದೆ. ಇಂದಿಗೂ ದೇಶದ ಕಾಫಿ ಬೆಳೆಯಲ್ಲಿ ಸುಮಾರು ಶೇಕಡಾ 70 ನಮ್ಮ ರಾಜ್ಯದ್ದೇ. ಇಂದಿನ ಎಂ.ಟಿ.ಆರ್. 1924ರಲ್ಲಿ ಆರಂಭವಾದದ್ದು 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ. ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. 1980ರ ದಶಕದಲ್ಲಿ ನಿಂತು ತಿನ್ನುವ ದರ್ಶಿನಿಗಳು ಬಂದವು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಮಳಿಗೆ ತೆರೆದಾಗ ಹುಡುಗ ಹುಡುಗಿಯರು ಕಾಫಿಯ ಮುಂದೆ ಗಂಟೆಗಟ್ಟಲೆ ಕೂರುವ ರೂಢಿ ಹುಟ್ಟಿತು. ಈಗ ಬೀಜವನ್ನು ಅಲ್ಲೇ ಹುರಿದು, ಅದು ಯಾವ ತೋಟದ್ದೆಂದು ಹಲಗೆಯ ಮೇಲೆ ಬರೆದು ಮಾರುವ ಕೆಫೆಗಳ ಕಾಲ.

ಇಷ್ಟೆಲ್ಲ ಬದಲಾವಣೆಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ್ದು ಮೂರೇ ಸಂಗತಿ: ಲೋಟದ ಅಳತೆ, ಸಕ್ಕರೆ ಮತ್ತು ಕುಡಿಯುವ ಹೊತ್ತು.

ಕಾಫಿ ಅಪರಾಧಿಯಲ್ಲ

'ಕಾಫಿ ಪಿತ್ತ, ಕಾಫಿ ಉಷ್ಣ, ಕಾಫಿ ಕುಡಿದರೆ ಕ್ಯಾನ್ಸರ್' ಎಂದು ಹೆದರಿಸುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1991ರಲ್ಲಿ ಕಾಫಿಯನ್ನು ಸಂಶಯದ ಪಟ್ಟಿಯಲ್ಲಿ ಇಟ್ಟಿದ್ದು ನಿಜ. 2016ರಲ್ಲಿ ಅದೇ ಸಂಸ್ಥೆ ಎಲ್ಲ ಅಧ್ಯಯನಗಳನ್ನೂ ಮತ್ತೆ ಪರಿಶೀಲಿಸಿ ಕಾಫಿಯನ್ನು ಆ ಪಟ್ಟಿಯಿಂದ ತೆಗೆಯಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವ ಪಾನೀಯವಾದರೂ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ಆಗಲೇ ಎಚ್ಚರಿಸಿತು. ಹೊಗೆಯಾಡುವ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಆರಿಸಿ ಕುಡಿಯುವ ನಮ್ಮ ರೂಢಿ ಈ ದೃಷ್ಟಿಯಿಂದ ಒಳ್ಳೆಯದೇ. ಮುಚ್ಚಳ ಹಾಕಿದ ಕಾಗದದ ಲೋಟದಲ್ಲಿ ಆ ಅನುಕೂಲವಿಲ್ಲ. ಐದು ನಿಮಿಷ ಮುಚ್ಚಳ ತೆಗೆದಿಟ್ಟು ಕುಡಿಯಿರಿ.

ಮಿತವಾಗಿ ಕಾಫಿ ಕುಡಿಯುವವರಲ್ಲಿ ಮಧುಮೇಹ ಮತ್ತು ಯಕೃತ್ತಿನ ಕಾಯಿಲೆಗಳು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಹಾಗೆಂದು ಕಾಫಿಯನ್ನು ಔಷಧಿಯೆಂದು ಭಾವಿಸಿ ಶುರುಮಾಡಬೇಕಾಗಿಲ್ಲ. ಹೆದರಿ ಬಿಡಬೇಕಾಗಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

'ಬೈ ಟು' ಹೇಳುವ ಪಾಠ

ಹೋಟೆಲಿಗೆ ಹೋಗಿ 'ಬೈ ಟು ಕಾಫಿ' ಎನ್ನುವುದು ಬೆಂಗಳೂರಿಗರ ಜಿಪುಣತನವೆಂದು ಹೊರಗಿನವರು ನಗುವುದುಂಟು. ವಾಸ್ತವವಾಗಿ ಅದೊಂದು ಆರೋಗ್ಯದ ಅಳತೆ. ದಿನಕ್ಕೆ ನಾಲ್ಕು ಸಲ ಸ್ನೇಹಿತರ ಜೊತೆ ಕೂತು ಕುಡಿದರೂ ಒಟ್ಟು ಸೇರುವುದು ಎರಡು ಲೋಟ ಮಾತ್ರ. ಆ ಲೋಟದಲ್ಲೂ ಡಿಕಾಕ್ಷನ್ ಸ್ವಲ್ಪ, ಉಳಿದದ್ದು ಹಾಲು. ಪುಡಿಯಲ್ಲಿ ಚಿಕೋರಿ ಬೆರೆತಿದ್ದರೆ ಕೆಫೀನ್ ಇನ್ನೂ ಕಡಿಮೆ. ಏಕೆಂದರೆ ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಇನ್ನು ಹೊಸ ಕೆಫೆಯ ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಅಮೆರಿಕದ ಮಳಿಗೆಗಳಲ್ಲಿ 'ಮಧ್ಯಮ' ಎನ್ನಿಸಿಕೊಳ್ಳುವ ಲೋಟ ಸುಮಾರು 470 ಮಿಲಿಲೀಟರ್ ಹಿಡಿಯುತ್ತದೆ. ಅದರ ತುಂಬ ಹಾಲಿಲ್ಲದ ಕಾಫಿ ಕುಡಿದರೆ ಇಡೀ ದಿನದ ಪಾಲು ಒಂದೇ ಸಲಕ್ಕೆ ಮುಗಿದಂತೆಯೇ. ಮನೆಗೆ ಬಂದ ಮೇಲೆ ಅಮ್ಮ ಪ್ರೀತಿಯಿಂದ ಕೊಡುವ ಲೋಟ ಆ ಲೆಕ್ಕದ ಮೇಲೆ ಸೇರುತ್ತದೆ. ಎದೆ ಬಡಿತ ಜೋರಾಗುವುದು, ಕೈ ಸಣ್ಣಗೆ ನಡುಗುವುದು, ಎದೆಯುರಿ, ಕಾರಣವಿಲ್ಲದ ಗಾಬರಿ ಇವೆಲ್ಲ ಅತಿಯಾದ ಕೆಫೀನ್‌ನ ಲಕ್ಷಣಗಳಾಗಿರಬಹುದು. ಮರಳಿ ಬಂದವರು 'ಊರಿನ ಹವೆ ಒಗ್ಗುತ್ತಿಲ್ಲ' ಎಂದುಕೊಳ್ಳುವ ಮೊದಲು ದಿನದ ಲೋಟಗಳನ್ನು ಎಣಿಸಿ ನೋಡುವುದು ಒಳ್ಳೆಯದು.

ಸಕ್ಕರೆಯ ಲೆಕ್ಕ

ಕಾಫಿಗಿಂತ ಹೆಚ್ಚು ಚಿಂತಿಸಬೇಕಾದದ್ದು ಅದರೊಳಗಿನ ಸಕ್ಕರೆಯ ಬಗ್ಗೆ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಶೇಕಡಾ 5ಕ್ಕೆ ಇಳಿಸಿದರೆ ಇನ್ನೂ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಶೇಕಡಾ 5 ಎಂದರೆ ಸುಮಾರು 25 ಗ್ರಾಂ, ಅಂದರೆ ಆರು ಸಣ್ಣ ಚಮಚ. ಕೆನೆ, ಐಸ್‌ಕ್ರೀಮ್, ಚಾಕೊಲೇಟ್ ಪಾಕ ಸುರಿದ ದೊಡ್ಡ ಲೋಟದ ತಣ್ಣನೆಯ ಕಾಫಿಯಲ್ಲಿ 40-50 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಅದನ್ನು ಕಾಫಿ ಎನ್ನುವುದಕ್ಕಿಂತ ಲೋಟದಲ್ಲಿ ಕೊಡುವ ಸಿಹಿತಿಂಡಿ ಎನ್ನುವುದೇ ಸರಿ.

ಹಾಗೆಂದು ಮನೆಯ ಹಿರಿಯರು ಬೀಗಬೇಕಾಗಿಲ್ಲ. ಲೋಟಕ್ಕೆ ಎರಡು ಚಮಚದಂತೆ ಐದು ಲೋಟ ಕುಡಿದರೆ ನಿಮ್ಮ ಹೊಟ್ಟೆ ಸೇರುವುದೂ ಸುಮಾರು 40 ಗ್ರಾಂ. ವಿದೇಶದಿಂದ ಬಂದ ಮಗ ಸಕ್ಕರೆಯಿಲ್ಲದ ಕರಿ ಕಾಫಿ ಕುಡಿಯುವುದನ್ನು ನೋಡಿ 'ಕಷಾಯ ಕುಡಿದಂತೆ ಕುಡಿಯುತ್ತಾನಲ್ಲ' ಎಂದು ಮರುಗುವ ತಾಯಂದಿರು ಅವನಿಂದ ಕಲಿಯಬೇಕಾದದ್ದು ಇದನ್ನೇ. ವಾರಕ್ಕೆ ಕಾಲು ಚಮಚದಂತೆ ಕಡಿಮೆ ಮಾಡುತ್ತ ಬಂದರೆ ನಾಲಿಗೆ ತಾನಾಗಿ ಹೊಂದಿಕೊಳ್ಳುತ್ತದೆ.

ಇದು ಅತಿಯಾದ ಕಾಳಜಿಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದೂ, ಮಧುಮೇಹದ ಹೊಸ್ತಿಲಲ್ಲಿ ನಿಂತವರು ಅದಕ್ಕೂ ಹೆಚ್ಚೆಂದೂ ಅಂದಾಜು ಮಾಡಿದೆ. ಕೆಫೆಯ ಮೇಜಿನ ಸುತ್ತ ಕುಳಿತ ಆರು ಮಂದಿಯಲ್ಲಿ ಒಬ್ಬರಾದರೂ ಈ ಎರಡರಲ್ಲೊಂದು ಗುಂಪಿನವರು ಇರಬಹುದು. ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಮಳಿಗೆಗಳಿರುವ ಸಂಸ್ಥೆಗಳು ತಾವು ಮಾರುವ ಪ್ರತಿ ತಿನಿಸಿನ ಕ್ಯಾಲೊರಿಯನ್ನು ಪಟ್ಟಿಯಲ್ಲಿ ತೋರಿಸಬೇಕೆಂಬ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ಬೆಲೆಯ ಜೊತೆಗೆ ಆ ಅಂಕಿಯನ್ನೂ ಓದುವ ಅಭ್ಯಾಸ ಮಾಡಿಕೊಳ್ಳಿ.

ನಿದ್ದೆ ಕದಿಯುವ ಸಂಜೆ

ಕುಡಿದ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. 2013ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿತವಾಯಿತು. 'ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ' ಎನ್ನುವವರಿದ್ದಾರೆ. ನಿದ್ದೆ ಬಂದರೂ ಅದು ಗಾಢವಾಗಿರುವುದಿಲ್ಲ.

ವಿದೇಶದಿಂದ ಬಂದವರಿಗೆ ಈ ಮಾತು ಇನ್ನಷ್ಟು ಮುಖ್ಯ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಹತ್ತು ಗಂಟೆಯ ಆಸುಪಾಸು, ಪಶ್ಚಿಮ ಕರಾವಳಿಗೆ ಹದಿಮೂರರ ಆಸುಪಾಸು ಅಂತರ. ದೇಹದ ಗಡಿಯಾರ ಹೊಸ ಹೊತ್ತಿಗೆ ತಿರುಗಲು ವಾರವಾದರೂ ಬೇಕು. ಮಧ್ಯಾಹ್ನ ತೂಕಡಿಕೆ ಬಂದಾಗ ಕಾಫಿ, ಸಂಜೆ ಗೆಳೆಯರ ಜೊತೆ ಮತ್ತೊಂದು, ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಮಲಗುವುದು, ಬೆಳಿಗ್ಗೆ ಮತ್ತೆ ಕಾಫಿ. ಈ ಚಕ್ರಕ್ಕೆ ಸಿಕ್ಕಿದವರಿಗೆ ಹೊಂದಾಣಿಕೆ ಇನ್ನೂ ತಡವಾಗುತ್ತದೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಿರಿ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ. ಕೆಫೆಯ ಭೇಟಿಯನ್ನು ಸಂಜೆಯ ಬದಲು ಬೆಳಗಿನ ತಿಂಡಿಯ ಹೊತ್ತಿಗೆ ಇಟ್ಟುಕೊಳ್ಳಿ. ಮೊದಲ ಕೆಲವು ದಿನ ಐಸ್ ಹಾಕಿದ ಪಾನೀಯಗಳನ್ನು ದೂರವಿಟ್ಟು ಬಿಸಿಯಾದದ್ದನ್ನೇ ಕುಡಿದರೆ ಹೊಟ್ಟೆಯೂ ಕೆಡುವುದಿಲ್ಲ. ವಿದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳ ವಿಷಯದಲ್ಲಂತೂ ಈ ಎಚ್ಚರ ಬೇಕೇ ಬೇಕು.

ಯಾರು ಹೆಚ್ಚು ಎಚ್ಚರವಹಿಸಬೇಕು?

ನಮ್ಮಲ್ಲಿ ತಿಂಡಿಯ ತಟ್ಟೆಯ ಹಿಂದೆಯೇ ಕಾಫಿ ಬರುತ್ತದೆ. ಕಾಫಿ ಮತ್ತು ಚಹಾದಲ್ಲಿರುವ ಟ್ಯಾನಿನ್‌ನಂತಹ ಅಂಶಗಳು ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ದೇಶದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಆದ್ದರಿಂದ ಊಟ, ತಿಂಡಿಗೆ ಒಂದು ಗಂಟೆ ಮೊದಲೋ ಒಂದು ಗಂಟೆ ನಂತರವೋ ಕಾಫಿ ಕುಡಿಯುವುದು ಲೇಸು. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಲೇಬಾರದು. ಥೈರಾಯಿಡ್ ಮಾತ್ರೆ ತೆಗೆದುಕೊಳ್ಳುವವರು ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆ ಕಾಫಿ ಕುಡಿಯಬೇಕು. ಇಲ್ಲದಿದ್ದರೆ ಮಾತ್ರೆ ಪೂರ್ತಿ ಕೆಲಸ ಮಾಡುವುದಿಲ್ಲ.

ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಎದೆಬಡಿತ ಏರುಪೇರಾಗುವವರು ತಮ್ಮ ವೈದ್ಯರನ್ನು ಕೇಳಿ ಅಳತೆ ನಿಗದಿ ಮಾಡಿಕೊಳ್ಳಬೇಕು. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಮೇಲ್ಮಿತಿಯೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. ಅಂದರೆ 30 ಕಿಲೋ ತೂಗುವ ಮಗುವಿಗೆ ಕೆಫೆಯ ಒಂದೇ ಒಂದು ದೊಡ್ಡ ಲೋಟ ಈ ಮಿತಿಯನ್ನು ದಾಟಿಬಿಡಬಹುದು. 'ಅಜ್ಜಿ ನಮಗೆ ಚಿಕ್ಕಂದಿನಲ್ಲೇ ಕೊಡುತ್ತಿದ್ದರಲ್ಲ' ಎಂದು ನೀವು ಕೇಳಬಹುದು. ಅಜ್ಜಿ ಕೊಡುತ್ತಿದ್ದದ್ದು ಹಾಲಿಗೆ ಬಣ್ಣ ಬರುವಷ್ಟು ಡಿಕಾಕ್ಷನ್, ಅದೂ ಪುಟ್ಟ ಲೋಟದಲ್ಲಿ.

ಕೆಫೆ ಬೇಡವೆಂದಲ್ಲ

ಇಷ್ಟು ಓದಿದ ಮೇಲೆ ಕೆಫೆಗೆ ಹೋಗುವುದೇ ತಪ್ಪೆಂದು ಯಾರೂ ತಿಳಿಯಬಾರದು. ವರ್ಷಗಟ್ಟಲೆ ಫೋನಿನಲ್ಲಿ ಮಾತ್ರ ಮಾತಾಡಿದ ಮಗಳು ತಂದೆ ತಾಯಿಯನ್ನು ಕರೆದುಕೊಂಡು ಹೋಗಿ ಎದುರು ಬದುರು ಕೂತು ಒಂದು ಗಂಟೆ ಮಾತಾಡಿದರೆ, ಅದರಿಂದ ಹಿರಿಯರ ಮನಸ್ಸಿಗೆ ಸಿಗುವ ನೆಮ್ಮದಿ ದೊಡ್ಡದು. ಒಂಟಿತನ ಮುಪ್ಪಿನ ದೊಡ್ಡ ಕಾಯಿಲೆ. ಅದಕ್ಕೆ ಜೊತೆಗೂಡಿ ಕುಡಿಯುವ ಕಾಫಿ ಒಳ್ಳೆಯ ಮದ್ದು.

ನನ್ನ ಅಭಿಪ್ರಾಯ ಇಷ್ಟೇ. ಹೊಸ ಕೆಫೆಗಳು ತೋಟದ ಹೆಸರು, ಬೀಜದ ತಳಿ ಎಲ್ಲವನ್ನೂ ಬರೆದು ಹಾಕುವಾಗ, ಒಂದು ಚಿಕ್ಕ ಅಳತೆಯ ಲೋಟವನ್ನೂ ಪಟ್ಟಿಯಲ್ಲಿ ಇಡಬೇಕು. ಅದಕ್ಕೆ ಅರ್ಧ ಬೆಲೆಯನ್ನೇ ತೆಗೆದುಕೊಳ್ಳಬೇಕು. ಇನ್ನೂ ಇಪ್ಪತ್ತು ರೂಪಾಯಿ ಕೊಟ್ಟರೆ ದೊಡ್ಡ ಲೋಟ ಸಿಗುತ್ತದೆಂದು ಆಸೆ ತೋರಿಸುವುದು ವ್ಯಾಪಾರಕ್ಕೆ ಸರಿ, ಗಿರಾಕಿಯ ಆರೋಗ್ಯಕ್ಕಲ್ಲ. ಆದರೆ ಗಿರಾಕಿಗಳು ಕೇಳದೆ ಯಾವ ಅಂಗಡಿಯವರೂ ಕೊಡುವುದಿಲ್ಲ. ಮುಂದಿನ ಸಲ ಹೋದಾಗ ಅತಿ ಚಿಕ್ಕ ಲೋಟವನ್ನೇ ಕೇಳಿ. ಪಾಕ, ಕೆನೆ ಬೇಡವೆನ್ನಿ. ಲೋಟ ದೊಡ್ಡದೇ ಬಂದರೆ ಇನ್ನೊಂದು ಖಾಲಿ ಲೋಟ ತರಿಸಿ, ಸಂಕೋಚವಿಲ್ಲದೆ ಬೈ ಟು ಮಾಡಿಕೊಳ್ಳಿ.